ಉಡುದಾರದ ಗುಂಡಿ

ಇಂಚರಾಳ ಅಂಗಿಯ ಎದೆಯ ಮೇಲಿರಬೇಕಾದ ಕಿತ್ತಳೆ ಬಣ್ಣದ ಗುಂಡಿ ಅಲ್ಲಿರಲಿಲ್ಲ. ಗುರುಸಿದ್ಧ ಮಗಳನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಕಡೆಗೆ ಅಂಗಿ ಮೇಲೆತ್ತಿದರೆ, ಸೊಂಟದ ಉಡುದಾರಕ್ಕೆ, ತಾಯಿತದ ಪಕ್ಕದಲ್ಲಿ, ಕರಿ ದಾರದಿಂದ ಬಿಗಿಯಾಗಿ ಹೊಲಿಸಿಕೊಂಡು ಅದು ಆರಾಮವಾಗಿ ಕೂತಿತ್ತು.

“ಇದನ್ನ ಇಲ್ಲಿ ಯಾರು ಕಟ್ಟಿದ್ದು?” ಎಂದ. ಕೇಳುವ ಅಗತ್ಯವೇನೂ ಇರಲಿಲ್ಲ, ಅಷ್ಟು ಗಟ್ಟಿ ಗಂಟು ಹಾಕುವ ಕೈ ಆ ಮನೆಯಲ್ಲಿ ಇದ್ದದ್ದು ಒಂದೇ.

“ನಾನ ಕಟ್ಟೇನಿ,” ಎಂದಳು ಅವನ ತಾಯಿ ಶಿವಗಂಗವ್ವ, ತಲೆ ಕೂಡ ಎತ್ತದೆ. ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. “ಈ ಬ್ಯಾಸಗಿಯಾಗ ಕೂಸು ಅಂಗಿ ಇಟ್ಕೊಳ್ಳತೈತೇನು? ಹಾಕೂದ ತಡ, ಕಿತ್ತಿ ಒಗೀತೈತಿ. ಅಂಗಿ ಹೋಗಿ ಹಗ್ಗದ ಮ್ಯಾಲೆ, ಅದರ ಸಂಗಾಟ ಗುಂಡೀನೂ ಹಗ್ಗದ ಮ್ಯಾಲೆ. ಹಗ್ಗಕ್ಕ ಉಸಿರು ಕಟ್ಟತೈತೇನು? ಉಡದಾರ ಆದ್ರ ಮೈ ಬಿಟ್ಟು ಎಲ್ಲೂ ಹೋಗೂದಿಲ್ಲ.”

“ಅವ್ವಾ, ಅದು ಎದಿ ಮ್ಯಾಲೆ ಇರಬೇಕು. ಹೊಟ್ಟಿ ಮ್ಯಾಲೆ ಇದ್ರ ಅದಕ್ಕ ಬರೀ ಹೊಟ್ಟಿ ಗುರುಗುಡೂದು ಕೇಳತೈತಿ. ನಾ ಅಲ್ಲೇ ನೌಕರಿ ಮಾಡಾಂವ. ಮಂದಿಗೆ ದಿನಾ ಹೇಳಾಂವ ನಾನ. ನನ್ನ ಮನ್ಯಾಗ ಹಿಂಗಾದ್ರ ಮಂದಿ ನಗೂದಿಲ್ಲೇನು?”

“ನಗವಲ್ಲರ್ಯಾಕ,” ಎಂದು ಶಿವಗಂಗವ್ವ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಗುಂಡಿಯ ವಿಷಯ ಗೊತ್ತಿಲ್ಲದವರಿಗೆ ಇಲ್ಲಿ ಎರಡು ಮಾತು ಹೇಳಿಬಿಡಬೇಕು. ಅಂಗನವಾಡಿಗಳಿಂದ ಮನೆಮನೆಗೆ ಹಂಚಿದ ಈ ಉಸಿರುಗುಂಡಿ ನೋಡಲು ಅಂಗಿಯ ಗುಂಡಿಯೇ. ಒಳಗೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಒಂದು ಪೊರೆ. ಮೈಯ ಬಿಸಿಯೇ ಅದಕ್ಕೆ ವಿದ್ಯುತ್ತು. ಮಗುವಿನ ಉಸಿರಿನ ಕೊಳವೆಯಲ್ಲಿ ಗಾಳಿ ಹೋಗಿ ಬರುವ ಸದ್ದನ್ನು ಆ ಪೊರೆ ಕೇಳುತ್ತ ಕೂತಿರುತ್ತದೆ. ಶೇಂಗಾವೋ ಪುಟಾಣಿ ಕಡಲೆಯೋ ಗಂಟಲಲ್ಲಿ ಸಿಕ್ಕಿ ದಾರಿ ಕಿರಿದಾಯಿತು ಅನ್ನಿ, ಸದ್ದು ಸೀಟಿಯಾಗುತ್ತದೆ. ಸೀಟಿ ಕೇಳಿದೊಡನೆ ಗುಂಡಿ ಹುಬ್ಬಳ್ಳಿಯ ಉಸಿರು ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ, ಮನೆಯ ಗೋಡೆಗೆ ಹಾಕಿದ ಸ್ಪೀಕರ್ ತಾನಾಗಿ ತೆರೆದುಕೊಳ್ಳುತ್ತದೆ, ಕೇಂದ್ರದಿಂದ ಒಬ್ಬರು ಮಾತಾಡುತ್ತ ಏನು ಮಾಡಬೇಕೆಂದು ತಂದೆತಾಯಿಗೆ ಹೇಳಿಕೊಡುತ್ತಾರೆ. ಅಷ್ಟರಲ್ಲಿ ಆಂಬ್ಯುಲೆನ್ಸ್ ಹೊರಟಿರುತ್ತದೆ.

ಜನ ಅದಕ್ಕೆ ಬೇಗ ಒಗ್ಗಿಕೊಂಡರು. ಟೇಲರ್‌ಗಳು ಚಿಕ್ಕ ಅಂಗಿ ಹೊಲಿಯುವಾಗ ಎದೆಯ ಮೇಲೊಂದು ಕಾಜ ಬಿಟ್ಟು ಕೊಡುವುದನ್ನು ಕಲಿತರು. ನಾಮಕರಣಕ್ಕೆ ಬಂದವರು ತೊಟ್ಟಿಲು ತೂಗುವ ಮೊದಲು “ಗುಂಡಿ ಆತೇನು?” ಎಂದು ಕೇಳುವುದೂ ವಾಡಿಕೆಯಾಯಿತು. ಎಷ್ಟೋ ಕೂಸುಗಳು ಅದರಿಂದ ಬದುಕಿಕೊಂಡವು, ಅದರಲ್ಲಿ ಎರಡು ಮಾತಿಲ್ಲ. ಆ ಕೂಸುಗಳ ಮನೆಯವರಿಗೆ ಸ್ಪೀಕರಿನಲ್ಲಿ ಕೇಳಿದ ದನಿ ಹೆಚ್ಚಾಗಿ ಗುರುಸಿದ್ಧನದು. ಎದೆ ಬಡಿದುಕೊಳ್ಳುತ್ತಿದ್ದ ತಾಯಿ ಕೂಡ ಅವನ ದನಿ ಕೇಳಿದರೆ ಒಂದು ಕ್ಷಣ ನಿಂತು ಅವನು ಹೇಳಿದ್ದನ್ನು ಮಾಡುತ್ತಾಳೆ ಎಂದು ಕೇಂದ್ರದಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ಅಂಥವನು ತನ್ನ ಮನೆಯ ಗುಂಡಿಯ ವಿಷಯ ಕೇಂದ್ರದಲ್ಲಿ ಬಾಯಿ ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಎನ್ನುವುದಕ್ಕೆ ಕಾರಣವಿತ್ತು. ಕೇಂದ್ರದ ದೊಡ್ಡ ಹಾಲಿನಲ್ಲಿ ಗೋಡೆಯುದ್ದಕ್ಕೂ ಪರದೆ, ಪರದೆಯ ತುಂಬ ಹಸಿರು ಚುಕ್ಕೆ, ಒಂದೊಂದು ಚುಕ್ಕೆ ಒಂದೊಂದು ಕೂಸು. ಹೆಸರಿಲ್ಲ, ಊರಿಲ್ಲ, ಬರೀ ನಂಬರು. ಹೊಟ್ಟೆಯ ಸದ್ದು ಕಳಿಸುವ ಗುಂಡಿಗಳನ್ನು ಯಂತ್ರ ತಾನೇ ಗುರುತಿಸಿ, ತಪ್ಪು ಜಾಗದಲ್ಲಿವೆ ಎಂದು ಕೆಳಗಿನ ಮೂಲೆಗೆ ಒಂದು ಬೂದು ಸಾಲಿಗೆ ತಳ್ಳುತ್ತಿತ್ತು. ಅದಕ್ಕೆ ಹೊಟ್ಟೆಸಾಲು ಎಂದು ಹೆಸರು ಬಿದ್ದಿತ್ತು. ಬೇಸಿಗೆ ಬಂದಂತೆ ಹೊಟ್ಟೆಸಾಲು ಬೆಳೆಯುತ್ತಲೇ ಹೋಯಿತು, ಏಕೆಂದರೆ ಈ ನಾಡಿನ ಅಜ್ಜಿಯಂದಿರೆಲ್ಲ ಒಬ್ಬರನ್ನೊಬ್ಬರು ಕೇಳದೆಯೇ ಶಿವಗಂಗವ್ವ ಮಾಡಿದ್ದನ್ನೇ ಮಾಡಿದ್ದರು. ಅಂಗಿ ಬಿಚ್ಚಬಹುದು, ಉಡುದಾರ ಬಿಚ್ಚುವಂತಿಲ್ಲ. ಯಂತ್ರ ಮಾಡಿದವರಿಗೆ ಇದು ಹೊಳೆದಿರಲಿಲ್ಲ.

ಆ ಸಾಲನ್ನು ನೋಡಿ ಎಲ್ಲರೂ ನಗುತ್ತಿದ್ದರು, ಜರೀನಾ ನದಾಫ್ ಒಬ್ಬಳನ್ನು ಬಿಟ್ಟು. ಅವಳು ಶಬ್ದದ ಇಂಜಿನಿಯರು. ಮಾತಾಡುವ ಕೆಲಸ ಅವಳದಲ್ಲ, ಯಂತ್ರಕ್ಕೆ ಕೇಳಲು ಕಲಿಸುವುದು ಅವಳ ಕೆಲಸ. ಗುರುಸಿದ್ಧನ ಪಕ್ಕದ ಮೇಜು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹೊಟ್ಟೆಸಾಲನ್ನೇ ಕೇಳುತ್ತ ಕೂರುವಳು. ನಂಬರು ನೆನಪಿಡುವುದು ಬೇಸರವೆಂದು ಒಂದೊಂದಕ್ಕೂ ಹೆಸರಿಟ್ಟುಕೊಂಡಿದ್ದಳು.

“ಗಿರಣಿ ಇವತ್ತ ಯಾಕೋ ಸುಮ್ಮನಾಗೇತ್ರಿ,” ಎನ್ನುವಳು ಊಟದ ಹೊತ್ತಿಗೆ. “ದಿನಾ ಹಾಲು ಕುಡದ ಮ್ಯಾಲೆ ಹಿಟ್ಟಿನ ಗಿರಣಿ ಸುರುವಾದಂಗ ಸುರು ಆಗತಿತ್ತು. ಹಾಲು ಒಲ್ಲೆ ಅಂದಿರಬೇಕು.”

ಗುರುಸಿದ್ಧ ನಗುತ್ತಿದ್ದ. ಆ ದಿನ ಬೆಳಿಗ್ಗೆ ಇಂಚರಾ ಹಾಲಿನ ಲೋಟ ಚೆಲ್ಲಿದ್ದಳು ಎನ್ನುವುದು ನೆನಪಾದರೂ ಅವನ ತಲೆಯಲ್ಲಿ ಎರಡೂ ಕೂಡಿಕೊಳ್ಳಲಿಲ್ಲ.

ಜರೀನಾಳ ಹುಚ್ಚಿಗೆ ಹಿನ್ನೆಲೆ ಇತ್ತು. ಗುಂಡಿ ಬಂದ ಹೊಸತರಲ್ಲಿ ಒಗೆದ ಅಂಗಿಗಳು ದೊಡ್ಡ ಫಜೀತಿ ಮಾಡಿದ್ದವು. ನಮ್ಮ ಬಿಸಿಲಿನಲ್ಲಿ ಹಗ್ಗದ ಮೇಲೆ ಒಣಗುವ ಅಂಗಿಯೂ ಮೈಯಷ್ಟೇ ಬಿಸಿ. ಬಿಸಿ ಇದೆ, ಉಸಿರಿಲ್ಲ, ಕೂಸು ಹೋಯಿತು ಎಂದು ಗುಂಡಿ ಬೊಬ್ಬೆ ಹಾಕುತ್ತಿತ್ತು. ಆಂಬ್ಯುಲೆನ್ಸಿನವರು ಓಡಿ ಬಂದು ನೋಡಿದರೆ ಹಿತ್ತಿಲಲ್ಲಿ ಅಂಗಿ ಒಣಗುತ್ತಿದೆ, ಕೂಸು ಅಂಗಳದಲ್ಲಿ ಮಣ್ಣು ತಿನ್ನುತ್ತಿದೆ. ಕಡೆಗೆ ಕೇಂದ್ರದ ನಿರ್ದೇಶಕರಾದ ಹೆಬಸೂರ ಸಾಹೇಬರು ಒಂದು ನಿಯಮ ಬರೆಸಿದರು: ಸದ್ದೇ ಇಲ್ಲದ ಗುಂಡಿ ಹಗ್ಗದ ಮೇಲಿದೆ ಎಂದು ತಿಳಿಯತಕ್ಕದ್ದು. ಗಲಾಟೆ ನಿಂತಿತು. ಎಲ್ಲರೂ ನಿಟ್ಟುಸಿರು ಬಿಟ್ಟರು.

ಆದರೆ ಉಸಿರಿನ ಕೊಳವೆ ಅರ್ಧ ಮುಚ್ಚಿದರೆ ತಾನೇ ಸೀಟಿ. ಪೂರ್ತಿ ಮುಚ್ಚಿದರೆ ಗಾಳಿ ಆಡುವುದಿಲ್ಲ, ಗಾಳಿ ಆಡದೆ ಸದ್ದೆಲ್ಲಿಂದ ಬಂದೀತು? ನವಲಗುಂದದ ಕಡೆಯ ಒಂದು ಕೂಸಿಗೆ ಹಾಗೆಯೇ ಆಯಿತು. ತಾಯಿ ಅದೃಷ್ಟಕ್ಕೆ ಆ ಕಡೆ ತಿರುಗಿ ನೋಡಿದ್ದರಿಂದ ಕೂಸು ಉಳಿಯಿತು. ಅಷ್ಟು ಹೊತ್ತೂ ಗೋಡೆಯ ಪರದೆಯಲ್ಲಿ ಆ ಚುಕ್ಕೆ ಹಗ್ಗದ ಮೇಲಿತ್ತು. ಅಂದಿನಿಂದ ಜರೀನಾಳಿಗೆ ಊಟ ರುಚಿಸಲಿಲ್ಲ.

“ಕೂಸುಗಳು ಉಸಿರಾಡೂದು ಹೊಟ್ಟಿಯಿಂದ,” ಎಂದು ಅವಳು ಹೆಬಸೂರರ ಎದುರು ನಿಂತು ವಾದಿಸಿದಳು. “ಗಂಟಲಾಗ ಏನರ ಸಿಕ್ಕು ಗಾಳಿ ಹೋಗದಿದ್ರೂ ಹೊಟ್ಟಿ ಸುಮ್ಮನ ಕೂಡ್ರೂದಿಲ್ರಿ ಸರ್, ಇನ್ನಷ್ಟು ಜಗ್ಗತೈತಿ. ಎದಿ ಮ್ಯಾಲಿನ ಗುಂಡಿಗೆ ಅದು ಕೇಳೂದಿಲ್ಲ. ಉಡದಾರದ ಮ್ಯಾಲಿನ ಗುಂಡಿಗೆ ಕೇಳತೈತಿ. ಜಗ್ಗೂದು ಐತಿ, ಗಾಳಿ ಇಲ್ಲ. ಅದನ್ನ ಹಿಡಿಯೂ ಹಂಗ ಒಂದು ಲೆಕ್ಕ ಬರದೀನಿ.”

ಹೆಬಸೂರರು ಕೆಟ್ಟವರಲ್ಲ. ಅವರಿಗೆ ಅವರದೇ ಚಿಂತೆ. “ಮತ್ತ ಹಗ್ಗದ ಗಲಾಟಿ ಆಗೂದು ಬ್ಯಾಡವಾ ಜರೀನಾ. ನಾಕು ಸಲ ಸುಳ್ಳು ಕೂಗಿದ್ರ ಐದನೇ ಸಲ ಯಾರೂ ಬರೂದಿಲ್ಲ. ಈ ತಿಂಗಳ ಮುಗಿಯೂತನಕ ನೀನ ಕುಂತು ಕೇಳು. ಆಮ್ಯಾಲೆ ಹೊಟ್ಟಿ ಮ್ಯಾಲಿನ ಗುಂಡಿ ಎಲ್ಲಾ ಬಂದ್ ಮಾಡಿ, ಎದಿ ಮ್ಯಾಲೆ ಹೊಲೀರಿ ಅಂತ ಹೇಳಿ ಕಳಸೂಣು.”

ಗುರುಸಿದ್ಧ ಇದನ್ನೆಲ್ಲ ಕೇಳಿಸಿಕೊಂಡ. ಜರೀನಾಳ ಮಾತಿನಲ್ಲಿ ಸತ್ಯ ಇರಬಹುದು ಎನಿಸಿತು, ಸಾಹೇಬರ ಮಾತಿನಲ್ಲೂ ಇರಬಹುದು ಎನಿಸಿತು. ಏನೇ ಇರಲಿ, ಗುಂಡಿ ಬಂದ್ ಆಗಿ ತನ್ನ ಮನೆಯ ಹೆಸರು ಹೊರಗೆ ಬೀಳುವ ಮೊದಲು ಅದನ್ನು ಎದೆಯ ಮೇಲೆ ಹೊಲಿದುಬಿಡಬೇಕು ಎಂದು ತೀರ್ಮಾನಿಸಿದ.

ಅದಕ್ಕೆ ಭಾನುವಾರ ಒಳ್ಳೆಯ ದಿನ. ಹೆಂಡತಿ ನೀಲಾಂಬಿಕಾಳಿಗೆ ರೈಲ್ವೆ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಪಾಳಿ. ಶಿವಗಂಗವ್ವ ಎದುರುಮನೆಯ ಹಸುಗೂಸಿಗೆ ನೀರೆರೆಯಲು ಹೋಗಿದ್ದಳು, ಹೋದರೆ ಬೇಗ ಬರುವವಳಲ್ಲ. ಗುರುಸಿದ್ಧ ಸೂಜಿಗೆ ದಾರ ಪೋಣಿಸಿ ಕಿಟಕಿಯಲ್ಲಿಟ್ಟ. ಮೊದಲು ರೊಟ್ಟಿ ಮುಗಿಸಿ ಆಮೇಲೆ ಗುಂಡಿ ಎಂದುಕೊಂಡ. ರೊಟ್ಟಿ ಬಡಿಯುವುದರಲ್ಲಿ ಅವನಿಗೆ ಬಲು ಹಮ್ಮು. ಹೆಂಡತಿಯ ರೊಟ್ಟಿಗಿಂತ ತನ್ನದು ತೆಳ್ಳಗೆ ಎಂದು ಅವಳೆದುರೇ ಹೇಳಿ ಬೈಸಿಕೊಳ್ಳುವವನು.

ಅವನ ಬೆನ್ನ ಹಿಂದೆ ಇಂಚರಾ ನೆಲದ ಮೇಲೆ ಕೂತು ಬಟ್ಟಲ ಮೇಲೆ ಬಟ್ಟಲು ಪೇರಿಸುತ್ತಿದ್ದಳು. ಒಂದೂವರೆ ವರ್ಷದ ಕೂಸಿಗೆ ಅದಕ್ಕಿಂತ ದೊಡ್ಡ ಉದ್ಯೋಗ ಬೇಡ. ಬೆಳಿಗ್ಗೆ ಅಜ್ಜಿ ದ್ರಾಕ್ಷಿಯನ್ನು ಸೀಳಿ ಸೀಳಿ ತಿನ್ನಿಸಿದ್ದಳು. ಸೀಳದ ಒಂದು ದ್ರಾಕ್ಷಿ ಉರುಳಿಕೊಂಡು ಜೋಳದ ಡಬ್ಬಿಯ ಹಿಂದೆ ಸೇರಿದ್ದನ್ನು ಅಜ್ಜಿ ನೋಡಿರಲಿಲ್ಲ, ಮೊಮ್ಮಗಳು ನೋಡಿದ್ದಳು.

ತಟಪಟ ರೊಟ್ಟಿ ಬಡಿಯುವ ಸದ್ದಿನಲ್ಲಿ ಬಟ್ಟಲಿನ ಸದ್ದು ನಿಂತದ್ದು ಅವನ ಗಮನಕ್ಕೆ ಬರಲಿಲ್ಲ. ಗೋಡೆಯ ಸ್ಪೀಕರ್ ತಾನಾಗಿ ತೆರೆದುಕೊಂಡಿತು.

“ಉಸಿರು ಕೇಂದ್ರದಿಂದ ಮಾತಾಡಾಕತ್ತೀನ್ರಿ. ಕೂಸು ಎಲ್ಲೈತ್ರಿ? ಕೈಯಾಗಿಂದು ಬಿಟ್ಟು ಮೊದಲ ಅದರ ಮಾರಿ ನೋಡ್ರಿ.”

ಅವು ಅವನದೇ ಮಾತುಗಳು. ಇಷ್ಟು ವರ್ಷ ದಿನವೂ ಅವನು ಮಂದಿಗೆ ಹೇಳುತ್ತ ಬಂದ ಮಾತನ್ನು ಬೇರೆ ಯಾರೋ ಅವನ ಅಡಿಗೆಮನೆಗೆ ಹೇಳುತ್ತಿದ್ದರು. ಯಾರೋ ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೇ ಅವನು ಹಿಂದೆ ತಿರುಗಿದ.

ಇಂಚರಾ ಕೂತಲ್ಲೇ ಕೂತಿದ್ದಳು. ಬಾಯಿ ತೆರೆದಿತ್ತು, ಎರಡೂ ಕೈ ಅವನ ಕಡೆ ಚಾಚಿದ್ದವು. ತುಟಿ ನೇರಳೆ ತಿಂದವರ ತುಟಿಯಂತಾಗಿತ್ತು. ಅಳುವಿಲ್ಲ, ಕೆಮ್ಮಿಲ್ಲ, ಯಾವ ಸದ್ದೂ ಇಲ್ಲ. ಪಕ್ಕೆಲುಬಿನ ಕೆಳಗೆ ಹೊಟ್ಟೆ ಮಾತ್ರ ಒಳಗೆ ಹೋಗುತ್ತ ಹೊರಗೆ ಬರುತ್ತ ಒದ್ದಾಡುತ್ತಿತ್ತು. ಕಣ್ಣು ಅವನನ್ನೇ ನೋಡುತ್ತಿದ್ದವು. ಅವನ ಬೆನ್ನನ್ನು ಅವು ಎಷ್ಟು ಹೊತ್ತಿನಿಂದ ನೋಡುತ್ತಿದ್ದವೋ ದೇವರಿಗೇ ಗೊತ್ತು. ಆ ಯೋಚನೆ ಅವನನ್ನು ಆಮೇಲೆ ಬಹಳ ದಿನ ಬಿಡಲಿಲ್ಲ.

ನೂರಾರು ಮನೆಯವರಿಗೆ ದಾರಿ ಹೇಳಿದವನ ತಲೆಯಲ್ಲಿ ಒಂದು ಅಕ್ಷರ ಉಳಿಯಲಿಲ್ಲ. ಮಗಳನ್ನು ಬಾಚಿಕೊಂಡವನು ಹಿಟ್ಟಿನ ಬೆರಳನ್ನು ಅವಳ ಬಾಯಿಗೆ ಒಯ್ದ.

“ಬಾಯಾಗ ಬೆರಳು ಹಾಕಬ್ಯಾಡ್ರಿ,” ಎಂದಿತು ಸ್ಪೀಕರ್. ಅದಕ್ಕೆ ಕಣ್ಣಿಲ್ಲ. ಎಲ್ಲ ತಂದೆತಾಯಿಯೂ ಮೊದಲು ಮಾಡುವ ತಪ್ಪು ಅದೇ ಎಂದು ಅದಕ್ಕೆ ಗೊತ್ತಿತ್ತು, ಅಷ್ಟೆ. “ಹಾಕಿದ್ರ ಇನ್ನೂ ಒಳಗ ಹೋಗತೈತಿ.”

ಆಗ ಅವನಿಗೆ ದನಿಯ ಗುರುತು ಹತ್ತಿತು. “ಜರೀನಾ, ನಾನು ಗುರುಸಿದ್ಧ. ಇದು ನಮ್ಮ ಇಂಚರಾ.”

ಆ ಕಡೆ ಒಮ್ಮೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ಜರೀನಾ ಈವರೆಗೆ ಒಂದು ಮನೆಯವರೊಡನೆಯೂ ಮಾತಾಡಿದವಳಲ್ಲ. ಅವಳಿಗೆ ಬರುತ್ತಿದ್ದುದು ಪಕ್ಕದ ಮೇಜಿನಿಂದ ದಿನವೂ ಕಿವಿಗೆ ಬಿದ್ದದ್ದು ಮಾತ್ರ. ಭಾನುವಾರವೂ ಹೊಟ್ಟೆಸಾಲನ್ನು ಕೇಳುತ್ತ ಕೂತಿದ್ದವಳು, ಮಾತಾಡುವ ಪಾಳಿಯಲ್ಲಿದ್ದವನನ್ನು ಕರೆಯುವಷ್ಟೂ ಪುರುಸೊತ್ತಿಲ್ಲದೆ ತಾನೇ ಲೈನು ತೆರೆದಿದ್ದಳು. ಈಗ ಅದೇ ಮೇಜಿನವನಿಗೆ ಅವನ ಮಾತನ್ನು ತಿರುಗಿ ಹೇಳಬೇಕಿತ್ತು.

“ಹೂಂ,” ಎಂದಳು. ದನಿ ಒಂದಿಷ್ಟೂ ನಡುಗಲಿಲ್ಲ. “ನೆಲದ ಮ್ಯಾಲೆ ಕುಂದರ್ರಿ. ಇಂಚರಾನ್ನ ತೊಡಿ ಮ್ಯಾಲೆ ಬೋರಲ ಹಾಕ್ಕೋರಿ, ತಲಿ ಕೆಳಗ ಇರಲಿ. ಗದ್ದ ಹಿಡ್ಕೋರಿ. ಎರಡೂ ಹೆಗಲಿನ ನಡಕ ಹೊಡೀರಿ. ಐದು ಸಲ.”

ಅವನು ಕೂತ, ಹಾಕಿಕೊಂಡ, ಹೊಡೆದ. ಇನ್ನೊಮ್ಮೆ ಹೊಡೆದ.

“ಅದು ರೊಟ್ಟಿ ಬಡಿಯೂ ಕೈ.”

“ಏನು?”

“ತಟ್ ಅನ್ನಾಕತ್ತೈತ್ರಿ, ನನಗಿಲ್ಲಿ ಗುಂಡಿಯಾಗ ಕೇಳಾಕತ್ತೈತಿ. ಧಪ್ ಅನ್ನಬೇಕು. ಅಂಗೈ ಅಲ್ಲ, ಅಂಗೈ ಬುಡ. ಮಣಿಕಟ್ಟಿನ ಬಾಜೂಕಿನ ಬುಡ. ಕೂಸಿಗೆ ನೋವಾಗತೈತಿ ಅನ್ನಬ್ಯಾಡ್ರಿ, ಹೊಡೀರಿ.”

ಜೋಳದ ನಾಡಿನಲ್ಲಿ ಬಡಿ ಎಂದರೆ ಅಂಗೈ ತಾನಾಗಿ ಚಪ್ಪಟೆಯಾಗುತ್ತದೆ. ಅದು ಚಿಕ್ಕಂದಿನ ಅಭ್ಯಾಸ. ಗುರುಸಿದ್ಧ ಎಷ್ಟು ಮಂದಿಗೆ ಅಂಗೈ ಬುಡ ಎಂದು ಹೇಳಿದ್ದನೋ, ಅವರ ಕೈ ಹೇಗೆ ಬೀಳುತ್ತಿದೆ ಎಂದು ಅವನಿಗೆ ಒಮ್ಮೆಯೂ ಕೇಳಿಸಿರಲಿಲ್ಲ. ಎದೆಯ ಗುಂಡಿ ಸೀಟಿಯೊಂದನ್ನೇ ಕೇಳುತ್ತಿತ್ತು. ಅವನು ಬೆರಳು ಮೇಲಕ್ಕೆ ಮಡಿಸಿ, ಅಂಗೈಯ ಬುಡದಿಂದ, ತನ್ನ ಮಗಳ ಬೆನ್ನಿಗೆ ಹೊಡೆದ. ಪುಟ್ಟ ಮೈ ಅಲುಗಿತು. ಅವಳನ್ನು ಹೀಗೆ ಹೊಡೆದದ್ದು ಅದೇ ಮೊದಲು. ಹೊಡೆಯುತ್ತ ಅವನು ಅಳುತ್ತಿದ್ದ.

“ಈಗ ಬರಾಕತ್ತೈತಿ ಧಪ್. ಹಂಗ. ಬಂತೇನು?”

“ಇಲ್ಲ. ಇಲ್ಲ ಜರೀನಾ.”

“ಬರದಿದ್ರ ಎಬ್ಬಿಸಿ ಬೆನ್ನು ನಿಮ್ಮ ಎದಿಗೆ ಆನಿಸ್ಕೋರಿ. ಹೊಕ್ಕಳದ ಮ್ಯಾಲೆ, ಎದಿಗೂಡಿನ ಕೆಳಗ, ಮುಷ್ಟಿ ಇಡ್ರಿ. ಒಳಗ, ಮ್ಯಾಲಕ್ಕ ಒತ್ರಿ. ಹೊಟ್ಟಿ ಇನ್ನೂ ಜಗ್ಗಾಕತ್ತೈತಿ. ಆಕಿ ಬಿಟ್ಟಿಲ್ಲ, ನೀವೂ ಬಿಡಬ್ಯಾಡ್ರಿ.”

ಅವನು ಒತ್ತಿದ. ಮಗಳ ಕೈ ಸೋತು ಜೋತಾಡಿತು. ಆಕಿ ಬಿಟ್ಟಿಲ್ಲ ಎನ್ನುವ ಮಾತೊಂದನ್ನು ಹಿಡಿದುಕೊಂಡು ಅವನು ಒತ್ತಿದ. ಒಲೆಯ ಮೇಲೆ ರೊಟ್ಟಿ ಸೀದು ಮನೆಯ ತುಂಬ ಹೊಗೆ. ಜರೀನಾ ಮಾತಾಡುತ್ತಲೇ ಇದ್ದಳು. ಒಮ್ಮೆ ಮಾತ್ರ ನಡುವೆ ನಿಂತಳು. ಉಡುದಾರದ ಮೇಲಿನ ಜಗ್ಗಾಟ ಕ್ಷೀಣಿಸಿದ್ದು ಅವಳಿಗೆ ಕೇಳಿಸಿತ್ತು. ಅದನ್ನು ಅವನಿಗೆ ಹೇಳಲಿಲ್ಲ. “ಮತ್ತ ಬೋರಲ ಹಾಕ್ರಿ,” ಎಂದಳು ಅದೇ ದನಿಯಲ್ಲಿ. “ಬೆನ್ನಿಗೆ. ಅಂಗೈ ಬುಡ. ಹೊಡೀರಿ. ಇನ್ನೊಂದು.”

ಮೂರನೆಯ ಏಟಿಗೆ ಹಸಿರು ಏನೋ ಒಂದು ಚಿಮ್ಮಿ ಹಿಟ್ಟಿನಲ್ಲಿ ಬಿತ್ತು.

“ಬಂತು,” ಎಂದಳು ಜರೀನಾ. ಮೊದಲು ಅದನ್ನು ಅವಳೇ ಹೇಳಿದಳು. ಗಾಳಿ ಒಳಗೆ ಹೋದ ಸದ್ದು ಗುಂಡಿಗೆ ಕೇಳಿ, ಗುಂಡಿಯಿಂದ ಅವಳಿಗೆ ಕೇಳಿ, ಅವಳು ಬಂತು ಎಂದ ಮೇಲೆ ಇಂಚರಾ ಬಾಯಿ ತೆರೆದು ಕಿರುಚಿ ಅತ್ತಳು. ಗುರುಸಿದ್ಧ ಹುಟ್ಟಿದಾರಭ್ಯ ಕೇಳಿದ ಸದ್ದುಗಳಲ್ಲಿ ಅಷ್ಟು ಚಂದದ್ದು ಯಾವುದೂ ಇರಲಿಲ್ಲ.

“ಸುಮ್ಮನ ಮಾಡಸಬ್ಯಾಡ್ರಿ. ಅಳಲಿ ಬಿಡ್ರಿ. ಅಳಲಿ,” ಎಂದು ಜರೀನಾ ಹೇಳುತ್ತಲೇ ಇದ್ದಳು. ಆಮೇಲೆ ಹೆಡ್‌ಫೋನ್ ಮೇಜಿನ ಮೇಲೆ ಬಿದ್ದ ಸದ್ದು, ದೂರದಲ್ಲಿ ಹೆಣ್ಣೊಬ್ಬಳು ಬಿಕ್ಕಿ ಬಿಕ್ಕಿ ಅಳುವ ಸದ್ದು ಕೇಳಿತು. ಆಂಬ್ಯುಲೆನ್ಸ್ ಬಾಗಿಲಿಗೆ ಬರುವವರೆಗೂ ಆ ಲೈನನ್ನು ಯಾರೂ ಮುಚ್ಚಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಎದೆ, ಬೆನ್ನು ಎಲ್ಲ ಕೇಳಿ, ಎಕ್ಸ್‌ರೇ ತೆಗೆಸಿ, ಏನೂ ಉಳಿದಿಲ್ಲ ಎಂದರು. ಬೆನ್ನ ಮೇಲಿನ ಕೆಂಪು ಬರೆ ಎರಡು ದಿನ ಇರುತ್ತದೆ, ಹೆದರಬೇಡಿ ಎಂದರು. ನೀಲಾಂಬಿಕಾ ಕೆಲಸದ ಬಟ್ಟೆಯಲ್ಲೇ ಓಡಿ ಬಂದಿದ್ದಳು. ಮಗಳನ್ನು ತೆಗೆದುಕೊಂಡು ಆ ಕೆಂಪು ಗುರುತಿನ ಮೇಲೆ ಕೈಯಾಡಿಸಿದಳು.

“ಎಷ್ಟೊತ್ತು ಹಂಗ ಇದ್ಳು?” ಎಂದು ಕೇಳಿದಳು.

“ಕೇಂದ್ರದಾಗ ಎಲ್ಲಾ ರೆಕಾರ್ಡ್ ಆಗಿರತೈತಿ. ನಾ ಕೇಳೂದಿಲ್ಲ.”

“ನಾನೂ ಕೇಳೂದಿಲ್ಲ ಹಂಗಾರ,” ಎಂದಳು. ಆಮೇಲೆ ಅವನ ಬಲಗೈಯನ್ನು ಎತ್ತಿ, ಇನ್ನೂ ಒಣಹಿಟ್ಟು ಮೆತ್ತಿದ್ದ ಅಂಗೈ ಬುಡವನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಅವರ ಮನೆತನದಲ್ಲಿ ನಾಲ್ಕು ಮಂದಿಯ ಎದುರು ಯಾರೂ ಹಾಗೆ ಮಾಡಿದವರಲ್ಲ.

ಶಿವಗಂಗವ್ವ ಬಾಗಿಲಾಚೆ ಬೆಂಚಿನ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಒಳಗೆ ಬರಲು ಅವಳಿಗೆ ಮುಖವಿರಲಿಲ್ಲ. ಗುರುಸಿದ್ಧ ಪಕ್ಕದಲ್ಲಿ ಕೂತ.

“ಎಲ್ಲಾ ಹೆಚ್ಚಿದ್ನೋ ಯಪ್ಪಾ. ಒಂದು ಉಳ್ಳಿ ಹೋಗಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ನನ್ನ ಕೈಯಾರೆ ಕೂಸಿನ ಜೀವಾ…”

“ಅವ್ವಾ, ಸೂಜಿಗೆ ದಾರ ಹಾಕಿ ಕಿಟಕಿಯಾಗ ಇಟ್ಟಿದ್ದೆ,” ಎಂದ ಗುರುಸಿದ್ಧ. “ನೀ ಹೊರಗ ಹೋಗೂದನ್ನ ಕಾಯಾಕತ್ತಿದ್ದೆ. ರೊಟ್ಟಿ ಆದ ಮ್ಯಾಲೆ ಗುಂಡಿ ಕಿತ್ತಿ ಎದಿ ಮ್ಯಾಲೆ ಹೊಲಿಯಾಂವ ಇದ್ದೆ. ಮೊದಲ ಹೊಲದಿದ್ರ…” ತಾಯಿಯ ಹೆಗಲ ಮೇಲೆ ತಲೆಯಿಟ್ಟು ಕೂತುಬಿಟ್ಟ. ಅವಳು ಮಗನ ಕೂದಲಲ್ಲಿದ್ದ ಹಿಟ್ಟನ್ನು ಒರೆಸುತ್ತ ಇದ್ದಳು.

ಅವನು ಮತ್ತೆ ಕೆಲಸಕ್ಕೆ ಹೋದ ದಿನ ಹೆಬಸೂರರು ಎಲ್ಲರನ್ನೂ ಹಾಲಿಗೆ ಕರೆದರು. ಭಾನುವಾರದ ಧ್ವನಿಯನ್ನು ಮೊದಲಿಂದ ಕಡೆಯವರೆಗೆ ಹಾಕಿಸಿದರು. ಗುರುಸಿದ್ಧ ಹೊರಗೆ ಹೋಗಿ ನಿಂತ, ಅದನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ. ಗಾಜಿನ ಬಾಗಿಲಿನಿಂದ ನೋಡಿದರೆ ಹೆಬಸೂರರು ಕಣ್ಣು ಮುಚ್ಚಿ ಕೂತಿದ್ದರು. ಒಂದು 'ತಟ್'ಗೆ ಅವರ ಭುಜ ಕುಗ್ಗಿತು. ಜಗ್ಗಾಟ ಕ್ಷೀಣಿಸಿದ ಜಾಗದಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಮುಖ ಮುಚ್ಚಿಕೊಂಡಳು. ಕಡೆಗೆ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟದ್ದು ಗಾಜಿನಾಚೆಗೂ ತಿಳಿಯಿತು.

ಹೆಬಸೂರರು ಎದ್ದು ಬಂದು ಬಾಗಿಲು ತೆರೆದು ಅವನನ್ನು ಒಳಗೆ ಕರೆದರು.

“ಎದಿ ಮ್ಯಾಲಿನ ಗುಂಡಿ ಇದ್ದಿದ್ರ ಇಷ್ಟೂ ಹೊತ್ತು ನಮ್ಮ ಪರದೆ ಮ್ಯಾಲೆ ಏನ ತೋರಸತಿತ್ತು ಗೊತ್ತೇನ್ರಿ?” ಎಂದು ಎಲ್ಲರ ಕಡೆ ನೋಡಿದರು. “ಅಂಗಿ ಒಣಗಾಕತ್ತೈತಿ ಅಂತ ತೋರಸತಿತ್ತು. ಆ ನಿಯಮ ಬರಸಿದಾಂವ ನಾನು. ಇವತ್ತಿಗೆ ಅದು ಮುಗೀತು. ಜರೀನಾ, ನಿನ್ನ ಲೆಕ್ಕಾನ ಇಡೀ ಕೇಂದ್ರದ ಲೆಕ್ಕ. ಗುಂಡಿ ಎಲ್ಲಿ ಹೊಲೀಬೇಕು ಅಂತ ಅಂಗನವಾಡಿಗಳಿಗೆ ಹೊಸದಾಗಿ ಹೇಳಿ ಕಳಸ್ರಿ.” ತಡೆದು, “ಅಜ್ಜಿಯರಿಗೆ ಹೇಳೂದರಾಗ ಏನೈತಿ. ಅವರು ಮೊದಲ ಅಲ್ಲೇ ಹೊಲದಾರ,” ಎಂದರು. ಆಮೇಲೆ ಜರೀನಾಳ ಎದುರು ಹೋಗಿ ಕೈ ಮುಗಿದರು. ಅವಳಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಊಟದ ಹೊತ್ತಿಗೆ ಅವಳು ಗುರುಸಿದ್ಧನ ಮೇಜಿಗೆ ಬಂದಳು. “ಗಿರಣಿ ನಿಮ್ಮ ಕೂಸೇನ್ರಿ?”

“ಹೌದು.”

“ಒಂದಿನ ಹೇಳಲಿಲ್ಲಲ್ಲ ಮಾರಾಯರ.”

“ನಾಚಿಕಿ ಆಗಿತ್ತು.”

“ನಾ ಆಕಿ ಬಿಕ್ಕಳಿಕಿ ಬಲ್ಲೆ, ಆಕಿ ನಗೂದು ಬಲ್ಲೆ. ಮಾರಿ ಮಾತ್ರ ನೋಡಿಲ್ಲ,” ಎಂದಳು ಜರೀನಾ.

ಮರುವಾರ ಅವಳು ಮನೆಗೆ ಬಂದಳು. ಶಿವಗಂಗವ್ವ ಬಾಗಿಲಲ್ಲೇ ಅವಳ ಎರಡೂ ಕೈ ಹಿಡಿದುಕೊಂಡು ಒಳಗೆ ಕರೆತಂದಳು. ಏನೇನೋ ಹೇಳಬೇಕೆಂದಿದ್ದವಳು “ಬಾರವಾ, ಕುಂದ್ರು, ಏನರ ತಿನ್ನು” ಎಂದಷ್ಟೇ ಹೇಳಿದಳು. ನೀಲಾಂಬಿಕಾ ಒಗ್ಗರಣೆ ಹಾಕಿದ ಚುರಮುರಿಯನ್ನು ತಾಟಿನ ತುಂಬ ತಂದಿಟ್ಟಳು. ಜರೀನಾ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಇಂಚರಾ ಅಜ್ಜಿಯ ಸೆರಗಿನ ಹಿಂದೆ ನಿಂತು ಹೊಸಬಳನ್ನು ಇಣುಕಿ ನೋಡಿದಳು. ಕರೆದರೆ ಬರಲಿಲ್ಲ. ಕೈ ಚಾಚಿದರೆ ಮುಖ ಮುಚ್ಚಿಕೊಂಡಳು.

“ಬ್ಯಾಡ ಬಿಡ್ರಿ, ತಾನ ಬಂದಾಗ ಬರಲಿ,” ಎಂದು ಜರೀನಾ ನಗುತ್ತ ಒಂದು ಮುಷ್ಟಿ ಚುರಮುರಿ ಬಾಯಿಗೆ ಹಾಕಿಕೊಂಡಳು. ನಗುವಿಗೂ ಚುರಮುರಿಗೂ ತಾಕಲಾಟವಾಗಿ ಅದು ಗಂಟಲಿಗೆ ಹತ್ತಿತು. ಕೆಮ್ಮಲು ಶುರುಮಾಡಿದಳು. ಕಣ್ಣಲ್ಲಿ ನೀರು ಬಂತು. ನೀಲಾಂಬಿಕಾ ನೀರಿಗೆಂದು ಎದ್ದಳು.

ಇಂಚರಾ ಸೆರಗು ಬಿಟ್ಟಳು. ಪುಟ್ಟ ಪುಟ್ಟ ಹೆಜ್ಜೆಯಿಟ್ಟು ಜರೀನಾಳ ಹಿಂದೆ ಹೋಗಿ ನಿಂತಳು. ಯಾರೂ ಹೇಳಿಕೊಟ್ಟಿರಲಿಲ್ಲ. ಬೆರಳುಗಳನ್ನು ಮೇಲಕ್ಕೆ ಮಡಿಸಿ, ಅಂಗೈಯ ಬುಡದಿಂದ, ಅವಳ ಬೆನ್ನಿಗೆ ಹೊಡೆದಳು. ಧಪ್. ಇನ್ನೊಂದು ಧಪ್. ಹುಬ್ಬು ಗಂಟಿಕ್ಕಿಕೊಂಡು, ಬಹಳ ದೊಡ್ಡ ಕೆಲಸ ಮಾಡುವವರ ಹಾಗೆ ಮುಖ ಮಾಡಿಕೊಂಡು ಹೊಡೆಯುತ್ತಲೇ ಇದ್ದಳು.

ಗುರುಸಿದ್ಧ ಗೋಡೆ ಹಿಡಿದುಕೊಂಡು ನಿಂತ. ಅಷ್ಟೂ ದಿನ ಅವನನ್ನು ತಿನ್ನುತ್ತಿದ್ದುದು, ತನ್ನ ಏಟು ಮಗಳಿಗೆ ಹೇಗೆ ನೆನಪಿರುತ್ತದೋ ಎಂಬ ಹೆದರಿಕೆ. ಅದಕ್ಕೆ ಉತ್ತರ ಅವನ ಕಣ್ಣೆದುರೇ ಜರೀನಾಳ ಬೆನ್ನಿಗೆ ಬೀಳುತ್ತಿತ್ತು. ಅವನಿಗೆ ನಗು ಬಂತು, ಜೊತೆಗೆ ಅಳುವೂ ಬಂತು. ಎರಡನ್ನೂ ಅವನು ತಡೆಯಲಿಲ್ಲ.

ಕೆಮ್ಮುತ್ತಿರುವವರ ಬೆನ್ನಿಗೆ ಹೊಡೆಯಬಾರದು, ಅವರ ಪಾಡಿಗೆ ಕೆಮ್ಮಲು ಬಿಡಬೇಕು ಎನ್ನುವುದು ಉಸಿರು ಕೇಂದ್ರದ ಮೊದಲನೆಯ ಪಾಠ. ಕೇಂದ್ರದವರು ಆ ಕೋಣೆಯಲ್ಲಿ ಇಬ್ಬರಿದ್ದರು. ಇಬ್ಬರೂ ಅದನ್ನು ಇಂಚರಾಳಿಗೆ ಹೇಳಲಿಲ್ಲ. ಜರೀನಾಳ ಕೆಮ್ಮು ಆಗಲೇ ನಿಂತಿತ್ತು, ಆದರೂ ಅವಳು ಬೆನ್ನು ಬಗ್ಗಿಸಿಕೊಂಡು ಸುಳ್ಳು ಸುಳ್ಳೇ ಕೆಮ್ಮುತ್ತ ಕೂತಳು.